ಎತ್ತರದ ರೇಡಿಯೇಟರ್

ಅಂಗಳದಲ್ಲಿ ಬಂದವರಿಗೆ ಕುರ್ಚಿ ಹಾಕುತ್ತಿದ್ದ ಅಣ್ಣ, ತಮ್ಮನ ಮಗಳು ರೇಸಿನ ಉಡುಪು ತೊಟ್ಟು ಹೊರಬಂದದ್ದನ್ನು ಕಂಡು ಹಾಗೇ ನಿಂತ. ತಮ್ಮ ತೀರಿಕೊಂಡ ಸುದ್ದಿ ತಿಳಿದದ್ದು ನಿನ್ನೆ ಬೆಳಿಗ್ಗೆ. ಶೆಡ್ಡಿನಲ್ಲಿ, ತಾನೇ ಕಟ್ಟಿದ ಪುಟ್ಟ ರೇಸ್ ಕಾರಿಗೆ ಒರಗಿ ಕೂತವನು ಏಳಲೇ ಇಲ್ಲ. ಇವತ್ತು ನಾಲ್ಕಕ್ಕೆ ಮಣ್ಣು. ಹತ್ತಕ್ಕೆ ರೇಸು.

"ಇವತ್ತು ಬೇಡ ಮಗಳೇ. ನಾಲ್ಕು ಜನ ಏನಂದಾರು?"

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ಕಣ್ಣೊರೆಸಿಕೊಂಡಳು.

"ಆರು ವರ್ಷದಲ್ಲಿ ಒಂದ್ಸಲವೂ ಇಪ್ಪತ್ತು ಸುತ್ತು ಮುಗಿಯಲಿಲ್ಲ, ಭಾವ. ಹನ್ನೆರಡನೇ ಸುತ್ತಿಗೇ ಇಂಜಿನ್ ಕುದೀತಿತ್ತು. ಅದನ್ನ ಅರ್ಧಕ್ಕೆ ಬಿಟ್ಟು ಅವರನ್ನ ಹೇಗೆ ಕಳಿಸ್ಲಿ?"

ಅಣ್ಣ ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟು ಅವರ ಜೊತೆಗೇ ಹೊರಟ.

* * *

ಆ ಕಾರಿನ ಮೂತಿಯಲ್ಲಿ, ಇಂಜಿನ್ನಿನ ನೀರು ತಣಿಸುವ ದೊಡ್ಡ ರೇಡಿಯೇಟರಿಗೆ ಜಾಗವಿರಲಿಲ್ಲ. ಹೋದ ವರ್ಷ ತಮ್ಮ, ಹಳೆಯ ಬೈಕುಗಳ ಮೂರು ಚಿಕ್ಕ ರೇಡಿಯೇಟರ್ ತಂದು, ಎರಡನ್ನು ಎಡಬಲಕ್ಕೆ, ಒಂದನ್ನು ಸೀಟಿನ ಹಿಂದೆ ಎತ್ತರಕ್ಕೆ ಕೂರಿಸಿದ. "ಇಲಿಗೆ ಮೂರು ಬಾಲ" ಎಂದು ಅಣ್ಣ ಕಂಡಕಂಡವರಿಗೆಲ್ಲ ಹೇಳಿ ನಕ್ಕ. ಮೊದಲು ನೀರನ್ನು ಒಂದರಿಂದ ಇನ್ನೊಂದಕ್ಕೆ ಹರಿಸಿದರೆ, ಕೊನೆಯದನ್ನು ಮುಟ್ಟುವಷ್ಟರಲ್ಲಿ ಹರಿವೇ ಸೋಲುತ್ತಿತ್ತು. ಆಮೇಲೆ ತಮ್ಮ ಮೂರಕ್ಕೂ ಬೇರೆಬೇರೆ ಕೊಳವೆ ಹಾಕಿದ. ಪಕ್ಕದಲ್ಲಿ ಹೆಂಡತಿ ದೀಪ ಹಿಡಿದು ನಿಂತಿರುತ್ತಿದ್ದಳು.

* * *

ಟ್ರ್ಯಾಕಿನ ಬದಿಯಲ್ಲಿ ಇಂಜಿನ್ ಚಾಲೂ ಮಾಡಿ ಸ್ವಲ್ಪ ಹೊತ್ತಾಗಿರಲಿಲ್ಲ, ಶಾಖದ ಮುಳ್ಳು ಸರಸರನೆ ಏರಿತು. ಮಗಳು ಇಂಜಿನ್ ನಿಲ್ಲಿಸಿ ಕೈಚೆಲ್ಲಿದಳು. ತಾಯಿ ಬಗ್ಗಿ, ಮಗುವಿನ ಹಣೆ ನೋಡುವಂತೆ, ಒಂದೊಂದೇ ರೇಡಿಯೇಟರನ್ನು ಮುಟ್ಟಿದಳು. ಎಡದ್ದು ಬಿಸಿ. ಬಲದ್ದೂ ಬಿಸಿ. ಎತ್ತರದ್ದು ಮಾತ್ರ ತಣ್ಣಗಿತ್ತು.

"ಇದರಲ್ಲಿ ಗಾಳಿ ಕೂತಿದೆ. ನೀರೇ ಹತ್ತಿಲ್ಲ."

ನಿನ್ನೆ ಗಂಡ ಮಾಡಬೇಕೆಂದಿದ್ದ ಕೆಲಸ ಇದೊಂದೇ ಎಂದಳು. ಇಂಜಿನ್ ಆರುವತನಕ ಕಾದು, ಎತ್ತರದ ರೇಡಿಯೇಟರಿನ ನೆತ್ತಿಯ ಸಣ್ಣ ತಿರುಪು ಸಡಿಲಿಸಿದಳು. ಬುಸ್ಸೆಂದು ಗಾಳಿ ಹೋಗಿ, ನೀರು ಜಿನುಗಿತು. ತಿರುಪು ಬಿಗಿದು, ಕಮ್ಮಿಬಿದ್ದ ನೀರು ತುಂಬಿಸಿ, "ಹೋಗು" ಎಂದಳು.

ಅಣ್ಣ ಬೇಲಿ ಹಿಡಿದು ಸುತ್ತು ಎಣಿಸಿದ. ಹನ್ನೆರಡಾಯಿತು. ಹದಿಮೂರಕ್ಕೆ ಅವನ ತುಟಿ ದೇವರ ಹೆಸರು ಹೇಳತೊಡಗಿತು. ಹುಡುಗಿ ದೊಡ್ಡ ತಂಡಗಳ ಎಂಟು ಕಾರುಗಳನ್ನು ಹಿಂದಿಕ್ಕಿ, ಮೂರನೆಯವಳಾಗಿ ಇಪ್ಪತ್ತನ್ನೂ ಮುಗಿಸಿದಳು. ಶಾಖದ ಮುಳ್ಳು ತೊಂಬತ್ತು ಡಿಗ್ರಿ ದಾಟಿರಲಿಲ್ಲ.

ನಾಲ್ಕಕ್ಕೆ, ಗುಂಡಿಯ ಅಂಚಿನಲ್ಲಿ, ಹಿರಿಯನೇ ಪ್ರಾರ್ಥನೆ ಹೇಳಲಿ ಎಂದರು. ಅಣ್ಣ ಮೊದಲು ಬಂದವರ ಕಡೆ ತಿರುಗಿದ. "ಇವನನ್ನ ನೋಡಿ ನಕ್ಕವನು ನಾನು. ಸೋತವನೂ ನಾನೇ" ಎಂದ. ಎಣ್ಣೆ ಮೆತ್ತಿದ ಉಡುಪಿನಲ್ಲೇ ನಿಂತಿದ್ದ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ.

"ದೇವರೇ, ನನ್ನ ತಮ್ಮ ಹಿಡಿದ ಕೆಲಸ ಮುಗಿಸಿ ಬರ್ತಿದ್ದಾನೆ. ಅವನ ಆತ್ಮಕ್ಕೆ ಶಾಂತಿ ಕೊಡಪ್ಪಾ."