ಸುಮ್ಮನಿರಲು ಕಲಿತ ದೀಪದ ಸರ

ನಾನು ಐವತ್ತು ಬಣ್ಣದ ಬಲ್ಬುಗಳ ಒಂದು ದೀಪದ ಸರ. ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ. ತಗಡಿನ ಶೆಡ್ಡೊಂದರಲ್ಲಿ ಹೆಂಗಸೊಬ್ಬಳು ನನ್ನ ತಂತಿಗಳನ್ನು ಬೆಸೆದು, ಕೊನೆಗೊಂದು ಕೆಂಪು ಬಲ್ಬು ಸಿಕ್ಕಿಸಿದಳು. ಬಿಸಿಯಾದರೆ ಅದರೊಳಗಿನ ಪಟ್ಟಿ ಬಾಗಿ ಕರೆಂಟು ಕಡಿಯುತ್ತದೆ, ತಣ್ಣಗಾದರೆ ಮತ್ತೆ ಕೂಡಿಸುತ್ತದೆ. ಹುಟ್ಟಿದ ಗಳಿಗೆಯಿಂದಲೇ ಹತ್ತಿದೆ, ಆರಿದೆ, ಹತ್ತಿದೆ, ಆರಿದೆ.

ಮೊದಲು ಗದಗಿನ ಮಿಠಾಯಿ ಅಂಗಡಿಯೊಂದರಲ್ಲಿ ಜಿಲೇಬಿ ತಟ್ಟೆಯ ಮೇಲೆ ಕುಣಿದೆ. ಅಂಗಡಿಯ ವಿರೂಪಣ್ಣನಿಗೆ ಎರಡೇ ವರ್ಷಕ್ಕೆ ಸಾಕಾಯಿತು. "ಇದನ್ನ ನೋಡ್ಕೋತ ತೂಕಾನ ತಪ್ತೈತಿ" ಎಂದು ಬೈದು, ಪಕ್ಕದ ಓಣಿಯ ವಿಶೇಷ ಮಕ್ಕಳ ಶಾಲೆಗೆ ನನ್ನನ್ನು ಕೊಟ್ಟುಬಿಟ್ಟ.

ಅಲ್ಲಿ ಫಿಲೋಮಿನಾ ಟೀಚರ ಕೋಣೆ. ಹನ್ನೊಂದು ಮಕ್ಕಳು. ಚಳಿ ಶುರುವಾದರೆ ಅಲ್ಲಿ ಹಬ್ಬಗಳದೇ ಸಾಲು: ದೀಪಾವಳಿ, ಕ್ರಿಸ್‌ಮಸ್, ಸಂಕ್ರಾಂತಿ. ಯಾವ ಮನೆಯ ಹಬ್ಬವಾದರೂ ನಾನು ಬೇಕೇ ಬೇಕು. ದೃಷ್ಟಿ ಮಂದವಿದ್ದ ಶಿವಲೀಲಾಗೆ ಕೋಣೆಯಲ್ಲಿ ಚೆನ್ನಾಗಿ ಕಾಣುತ್ತಿದ್ದದ್ದು ನಾನೊಬ್ಬನೇ. ಅವಳು ನನ್ನ ಕೆಳಗೇ ನಿಂತು ನಗುತ್ತಿದ್ದಳು. ನನಗೋ, ಕೊಂಬು ಮೂಡಿದಷ್ಟು ಜಂಬ.

ಆದರೆ ಜರೀನಾ ಒಬ್ಬಳು ಓಡಿಹೋಗುತ್ತಿದ್ದಳು. ಹನ್ನೊಂದು ವರ್ಷದ ಹುಡುಗಿ, ಮಾತು ಬಾರದು, ಚಿತ್ರದ ಚೀಟಿ ತೋರಿಸಿ ಬೇಕು-ಬೇಡ ಹೇಳುವವಳು. ದೀಪಾವಳಿ ದಿನ ಎರಡೂ ಕಿವಿ ಮುಚ್ಚಿಕೊಂಡು ವರಾಂಡಕ್ಕೆ ಓಡಿದಳು. ಕಿವಿ ಮುಚ್ಚಿದಳಲ್ಲ, ಹಾಗಾಗಿ ಟೀಚರು ಡೋಲು ತೆಗೆದಿಟ್ಟರು. ಕ್ರಿಸ್‌ಮಸ್‌ಗೆ ಹಾಡನ್ನೂ ಪಿಸುಮಾತಿನಲ್ಲೇ ಹಾಡಿಸಿದರು. ಮತ್ತೆ ಓಡಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಯಾವುದು ತನಗಾಗದು ಎಂದು ಹೇಳಲು ಅವಳ ಬಳಿ ಚೀಟಿ ಇರಲಿಲ್ಲ. ನಾನಂತೂ ಕುಣಿಯುತ್ತಲೇ ಇದ್ದೆ.

"ಹಬ್ಬ ಅಂದ್ರ ಆಕಿಗೆ ಆಗಂಗಿಲ್ರಿ ಟೀಚರ್," ಎಂದಳು ಅವಳ ತಾಯಿ ಖುರ್ಷಿದಾ. "ಇನ್ನ ಮ್ಯಾಲೆ ಹಬ್ಬದ ದಿನ ಮನ್ಯಾಗ ಇಟ್ಕೋತೀನ್ರಿ." ಟೀಚರ ಮುಖ ಬಾಡಿತು.

ಸಂಕ್ರಾಂತಿಯ ಹಿಂದಿನ ದಿನ ನನ್ನನ್ನು ಕಟ್ಟಿ ಹಚ್ಚಿದರು. ಜರೀನಾ ವರಾಂಡದಲ್ಲಿ. ಅಷ್ಟರಲ್ಲಿ ಕರೆಂಟು ಹೋಯಿತು. ಅವಳು ಮೆಲ್ಲಗೆ ಒಳಗೆ ಬಂದು, ಎಲ್ಲರ ನಡುವೆ ಕುಳಿತು, ಕುಸುರೆಳ್ಳಿನ ಬಟ್ಟಲಿಗೆ ಕೈ ಹಾಕಿದಳು. ಕರೆಂಟು ಬಂತು, ನಾನು ಮತ್ತೆ ಕುಣಿದೆ. ಬಟ್ಟಲು ಉರುಳಿತು, ಹುಡುಗಿ ಓಡಿದಳು.

ಕಸ ಗುಡಿಸುತ್ತಿದ್ದ ಆಯಾ ಗಂಗವ್ವ ನೆಟ್ಟಗೆ ನಿಂತಳು. "ಟೀಚರ್, ಹಾಡಿಂದಲ್ರಿ ತಪ್ಪು, ಈ ದೀಪದ್ದು! ಕಿತ್ತ ಒಗಿತೀನಿ ತಡೀರಿ."

"ಬ್ಯಾಡ ಗಂಗವ್ವ. ಶಿವಲೀಲಾ ಏನ್ ಮಾಡ್ತಾಳ?"

ಟೀಚರು ನನ್ನ ಬಲ್ಬುಗಳನ್ನು ಒಂದೊಂದಾಗಿ ನೋಡುತ್ತ ಕೊನೆಯವರೆಗೂ ಬಂದರು. ಆಮೇಲೆ ಸ್ಟೂಲು ಹತ್ತಿ ಕೆಂಪು ಬಲ್ಬನ್ನು ಕಿತ್ತರು. ನಾನು ಪೂರ್ತಿ ಆರಿಹೋದೆ. ಸತ್ತೇ ಹೋದೆ ಅಂದುಕೊಂಡೆ. ಆ ಜಾಗಕ್ಕೆ ಒಂದು ಸಾದಾ ಬಲ್ಬು ಸಿಕ್ಕಿಸಿದರು. ಹತ್ತಿದೆ. ಆರಲು ಕಾದೆ. ಆರಲಿಲ್ಲ. ಒಳಗೆಲ್ಲ ಚಡಪಡಿಕೆ, ಹೊರಗೆ ಮಾತ್ರ ನಿಶ್ಚಲ ಬೆಳಕು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನದನ್ನು ಎರಡು ಬೆರಳಲ್ಲಿ ಕಿತ್ತು ತೆಗೆದಿದ್ದರು. ಸಿಟ್ಟು ಬಂತು, ನಿಜ.

ಬಾಗಿಲಲ್ಲಿ ಜರೀನಾ ಇಣುಕಿದಳು. ಒಂದು ಹೆಜ್ಜೆ ಇಟ್ಟಳು, ನಿಂತಳು, ಇನ್ನೊಂದು ಇಟ್ಟಳು. ಕಿವಿಯಿಂದ ಕೈ ಇಳಿಯಿತು. ಮರುದಿನ ಸಂಕ್ರಾಂತಿಗೆ ಹತ್ತು ಮಕ್ಕಳ ಅಂಗೈಗೂ ಕುಸುರೆಳ್ಳು ಹಾಕಿದವಳು ಅವಳೇ. ಟೀಚರು ಹೇಳಿಕಳಿಸಿದ್ದಕ್ಕೆ ಮಗಳನ್ನು ಕರೆತಂದಿದ್ದ ಖುರ್ಷಿದಾ ಕಿಟಕಿಯಾಚೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಈಗ ನನ್ನ ತಂತಿ ಸೀಳಿದೆ. ಬೀರುವಿನ ಮೇಲೆ ಬುಟ್ಟಿಯಲ್ಲಿ ಬಿದ್ದಿದ್ದೇನೆ. ಜರೀನಾಗೆ ಇಪ್ಪತ್ತೆರಡು, ಇದೇ ಶಾಲೆಯಲ್ಲಿ ಮೇಣದಬತ್ತಿ ಮಾಡುತ್ತಾಳೆ, ಹಬ್ಬಕ್ಕೆ ಕೋಣೆ ಸಿಂಗರಿಸುತ್ತಾಳೆ. ಹೊಸ ಸರಕ್ಕೊಂದು ಗುಂಡಿ ಇದೆ. ಒತ್ತಿದಂತೆಲ್ಲ ಓಟ, ನೆಗೆತ, ಮಿಣುಕು ಎಂದು ಕುಣಿತ ಬದಲಾಗುತ್ತದೆ. ನನಗೆ ಈಗಲೂ ಹೊಟ್ಟೆಕಿಚ್ಚು.

ಹೊರಗೆ ಹೊಸ ಮಕ್ಕಳು ಬಾಗಿಲು ಬಡಿಯುತ್ತಿರುತ್ತವೆ. ಜರೀನಾ ಒಂದು ಕೈಯಿಂದ ಕಣ್ಣು ಮುಚ್ಚಿಕೊಂಡು, ಬೆರಳ ಸಂದಿಯಿಂದ ಆಗಾಗ ನೋಡುತ್ತ, ಒತ್ತುತ್ತಾಳೆ, ಒತ್ತುತ್ತಾಳೆ. ಎಂಟನೆಯ ಸಲಕ್ಕೆ ಆ ಸರ ಕುಣಿತ ನಿಲ್ಲಿಸಿ ನಿಶ್ಚಲವಾಗಿ ಬೆಳಗುತ್ತದೆ. ಆಮೇಲೆಯೇ ಅವಳು ಬಾಗಿಲು ತೆಗೆಯುವುದು.