ಎಂಟು ತೋಳಿನ ಅಂಗಿ

ಚಳಿಗಾಲದ ಇಳಿಹೊತ್ತು, ಬಿಸಿಲು ಕಿಟಕಿಯ ಸರಳು ದಾಟಿ ನೆಲಕ್ಕಿಳಿದಿದೆ, ಹೊಲಿಗೆ ಮಿಷನ್ನಿನ ಮೇಲಕ್ಕೆ ಮಾತ್ರ ಬರುವುದಿಲ್ಲ, ಬರಬಾರದು ಎಂದೇ ಯಜಮಾನರು ಆ ಡಬ್ಬಿಯನ್ನು ಅಲ್ಲಿಟ್ಟಿದ್ದು, ಅವಳ ಮಿಷನ್ನಿನ ಮೇಲೆ, ಅವಳನ್ನು ಒಂದು ಮಾತೂ ಕೇಳದೆ. ಪೆಡಲ್ ತುಳೀಬೇಡ ಕಣೆ, ಅದುರಿದ್ರೆ ಅದಕ್ಕೆ ಹೆದರಿಕೆ. ಹೆದರಿಕೆಯಂತೆ! ಕೋಟಿನ ಗುಂಡಿಯಷ್ಟಿಲ್ಲ, ಮೈತುಂಬ ಕೂದಲಿನ ಜೇಡ, ಟರಾಂಟುಲಾ ಮರಿ, ಮಹಡಿ ಮೇಲಿನ ನರ್ಸಮ್ಮ ಮಗಳ ಹಾಗೆ ಸಾಕಿದ್ದು, ತರಬೇತಿಗೆ ಹೊರಟಾಗ ಅವಳೇ ಇವರ ಕೈಗೆ ಕೊಟ್ಟಳು, ನೀವಾದ್ರೆ ತಾಳ್ಮೆ ಇರೋರು ಅಂಕಲ್ — ತಾಳ್ಮೆ, ಇವರಿಗೆ! ಜೀವಮಾನವೆಲ್ಲ ಬಸ್ಸು ಓಡಿಸಿ, ಓಡೋಡಿ ಬರುವವರನ್ನು ಕನ್ನಡಿಯಲ್ಲಿ ಕಂಡರೂ ನಿಲ್ಲಿಸದವರಿಗೆ, ಮದುವೆಯ ಹೊಸತರಲ್ಲಿ ಅವಳನ್ನೂ ಹಾಗೇ ರಸ್ತೆಯಲ್ಲಿ ಬಿಟ್ಟುಹೋದವರಿಗೆ. ಈಗ ನೋಡಬೇಕು. ಮಣ್ಣಿನ ಒಂದು ಬದಿಗಷ್ಟೇ ನೀರು, ಹನಿಹನಿಯಾಗಿ, ಇನ್ನೊಂದು ಬದಿ ಒಣಗಿರಬೇಕು, ಸತ್ತ ಮಿಡತೆಯ ಕಾಲೊಂದನ್ನು ಚಿಮುಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಉಂಡ್ಯಾ ಪುಟ್ಟಿ — ಒಳಗೆ ಪಾತ್ರೆ ತೊಳೆಯುತ್ತಿದ್ದವಳು ಇನ್ನೂ ಇಲ್ಲ ರೀ ಎಂದುಬಿಟ್ಟಿದ್ದಳು, ಇಷ್ಟು ವರ್ಷಕ್ಕೆ ಒಂದು ಸಲ ಕೇಳಿದರಲ್ಲ ಅಂತ. ನಿನಗಲ್ಲ ಕಣೆ, ಎಂದು ನಕ್ಕರು, ಆ ನಗು ಇನ್ನೂ ಕಿವಿಯಲ್ಲೇ ಕೂತಿದೆ.

ಆಮೇಲೆ ಅದು ಊಟ ಬಿಟ್ಟಿತು, ಹೊಟ್ಟೆ ಊದಿ ಕಪ್ಪಗೆ ಮಿರಮಿರ ಮಿಂಚಿತು, ಇವರೂ ಅರ್ಧ ಊಟಕ್ಕೇ ಏಳತೊಡಗಿದರು. ನರ್ಸಮ್ಮ ಫೋನಿನಲ್ಲಿ, ಪೊರೆ ಬಿಡುತ್ತೆ ಅಂಕಲ್, ಅಂಗಾತ ಮಲಗಿದ್ರೆ ಸತ್ತಿದೆ ಅಂದ್ಕೊಂಡು ಮುಟ್ಟಬೇಡಿ, ಮುಟ್ಟಿದ್ರೆ ಹೋಯ್ತು ಜೀವ. ಇವರು ಕುರ್ಚಿ ಎಳೆದುಕೊಂಡು ಕಾದರು, ಅವಳು ಜ್ವರದಲ್ಲಿ ಅಂಗಾತ ಬಿದ್ದಿದ್ದಾಗ ಡ್ಯೂಟಿ ಇದೆ ಎಂದು ಚಪ್ಪಲಿ ಮೆಟ್ಟಿದವರು, ಕಾದರು, ಮತ್ತೆ ಹಾಲು ತರಲು ಹೋದ ಹೊತ್ತಿಗೇ ಸರಿಯಾಗಿ ಅದು ಅಂಗಾತವಾಯಿತು. ಮನೆಯಲ್ಲಿ ಅವಳೊಬ್ಬಳೇ, ಕೈಯಲ್ಲಿ ಸೂಜಿ, ಇವರ ಅಂಗಿಗೇ ಗುಂಡಿ ಹಚ್ಚುತ್ತಿದ್ದಳು — ಒಂದು ಸಲ ಮಗುಚಿದರಾಯಿತು, ಸತ್ತಿದೆ ಅಂದ್ಕೊಂಡೆ ರೀ ಎಂದರೆ ಯಾರು ಏನನ್ನುತ್ತಾರೆ, ಮುಚ್ಚಳ ತೆಗೆದಳು, ಸೂಜಿ ಇಳಿಸಿದಳು, ಆಗ ಅದರ ಮೈಯ ಹೊಲಿಗೆ ಬಿಚ್ಚಿತು, ಬಿಗಿ ತೋಳಿನಿಂದ ಕೈ ಎಳೆದುಕೊಳ್ಳುವ ಹಾಗೆ ಕಾಲುಗಳು, ಇಷ್ಟು ಎಳೆದು, ಸುಧಾರಿಸಿಕೊಂಡು, ಮತ್ತಿಷ್ಟು. ಬಿಗಿ ತೋಳಿನ ಪಾಡು ಅವಳಿಗೆ ಗೊತ್ತಿಲ್ಲವೇ, ಆತುರಪಟ್ಟರೆ ಹರಿಯುತ್ತದೆ, ಸೂಜಿ ಗಾಳಿಯಲ್ಲೇ ನಿಂತಿತು, ಒಲೆಯ ಮೇಲೇನೋ ಸೀದಿತು, ಸೀಯಲಿ.

ಇವರು ಬಂದಾಗ ಮುಗಿದಿತ್ತು, ಮರಿ ಒಂದು ಕಡೆ, ಎಂಟು ತೋಳಿನ ಖಾಲಿ ಅಂಗಿ ಒಂದು ಕಡೆ. ಅಯ್ಯೋ, ನಾನು ನೋಡ್ಲೇ ಇಲ್ವಲ್ಲೇ, ನೀನು ನೋಡಿದ್ಯಾ, ಪೂರ್ತಿ? ಪೂರ್ತಿ. ಇವರ ಆ ಮುಖ — ಅವಳಿಗೆ ಗುರುತಿದೆ, ಬಸ್ಸು ತಪ್ಪಿದವರ ಮುಖ, ಇಷ್ಟು ದಿನ ತಾನು ಹೊತ್ತಿದ್ದ ಮುಖವೇ ಅದು. ಹೇಗಾಯ್ತು ಹೇಳೇ. ಉಂಡ ಮೇಲೆ. ದಿನಕ್ಕೊಂದೇ ತೋಳಿನ ಕತೆ, ಹೆಚ್ಚು ಹೇಳಳು, ಇವರು ತಟ್ಟೆಯ ಮುಂದೆ ಕಾಯುತ್ತಾರೆ, ನೀನೂ ಬಡಿಸ್ಕೊಳ್ಳೇ, ಎದುರಿಗೇ ಕೂತ್ಕೋ, ಆಮೇಲೆ? ಆಮೇಲೆ ನಾಳೆ. ನರ್ಸಮ್ಮ ಬಂದಳು, ಡಬ್ಬಿ ಎತ್ತಿಕೊಂಡಳು, ಪೊರೆ ನಿಮ್ಮ ಹತ್ರಾನೇ ಇರಲಿ ಅಂಕಲ್ — ಮಿಷನ್ನು ಮತ್ತೆ ಅವಳದು, ಹೊಲಿಯುವ ಬಟ್ಟೆ ರಾಶಿ ಬಿದ್ದಿದೆ, ಪೆಡಲ್ ಮೇಲೆ ಕಾಲಿಟ್ಟಿದ್ದಾಳೆ, ತುಳಿದರೆ ಅದುರುತ್ತದೆ, ಹೇಳಲು ಇನ್ನುಳಿದಿರುವುದು ಒಂದೇ ತೋಳು, ಅದೂ ಮುಗಿದರೆ ಎದುರಿಗೆ ಕೂತ್ಕೋ ಅನ್ನುತ್ತಾರೋ ಇಲ್ಲವೋ, ಮರಿ ಹೋದದ್ದು ಶುಕ್ರವಾರ, ಅಂದಿನಿಂದ ತುಳಿದೇ ಇಲ್ಲ, ಕಣ್ಣೆದುರು, ಮಿಷನ್ನಿನ ಮೇಲೇ, ಎಂಟು ತೋಳಿನ ಆ ಖಾಲಿ ಅಂಗಿ.