ಅಲ್ಲಾಡುವ ಸ್ಟೂಲು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಕೇಳಿ ಹೋದರು. ಮರವಾಗಿ ಬಗ್ಗದ್ದು ಹಲಗೆಯಾದ ಮೇಲೆ ಬಗ್ಗುತ್ತದೆ ಎಂಬುದರ ಬಗ್ಗೆ ಯಾಕೋ ಬಾಯಿ ಬಿಡಲಿಲ್ಲ. ಮುಂದಿನದು ನಡೆದ ಸಂಗತಿ. ಸಾಕ್ಷಿಗೆ ಒಂದು ಸ್ಟೂಲಿದೆ.

ಬಾಗಿಲು ಮಾವ ಗಿಟಾರಿನಂಗಡಿಯ ಮೂಲೆಯಿಂದ ಹಳೇ ಮರ ಹೊತ್ತು ತಂದು ಬೀದಿಯಲ್ಲಿ ನಿಂತಿದ್ದ ಸೌದೆ ಗಾಡಿಗೆ ಎಸೆಯುತ್ತಿದ್ದ. ಒಳಗೆ ತೀರಿಕೊಂಡ ಭಾವನನ್ನು, ಗಿಟಾರು ಮಾಡುತ್ತಿದ್ದ ಅಂಗಡಿಯ ಯಜಮಾನನನ್ನು, ಮಲಗಿಸಿದ್ದರು. ನೋಡಲು ಬರುವವರಿಗೆ ಕುರ್ಚಿ ಹಾಕಲು ಜಾಗ ಬೇಕಿತ್ತು. ಜೀವಮಾನವೆಲ್ಲ ಬಾಗಿಲು ಮಾಡಿದವನಾದ್ದರಿಂದ ಇಡೀ ಬೀದಿಗೆ ಅವನು ಬಾಗಿಲು ಮಾವ. ಮರದ ವಿಷಯದಲ್ಲಿ ಅವನಿಗೆ ಎದುರಾಡುತ್ತಿದ್ದವನು ಒಬ್ಬನೇ. ಅವನೂ ಈಗ ಸುಮ್ಮನಾಗಿದ್ದ.

"ಮಾವ, ಅದನ್ನ ಇಳಿಸಿ." ಸತ್ತವನ ಮಗಳು ಹೊಸ್ತಿಲಿಗೆ ಅಡ್ಡ ನಿಂತಳು. "ಅಪ್ಪ ಅರ್ಧಕ್ಕೆ ಬಿಟ್ಟ ಕೊನೇ ಗಿಟಾರಿಗೆ ಕತ್ತು ಅದರಲ್ಲೇ ಮಾಡ್ಬೇಕು."

"ಇದ್ರಲ್ಲಾ? ನಾನೇ ಕಿತ್ತೆಸೆದ ಬಾಗಿಲ ಚೌಕಟ್ಟಿನ ತುಂಡು ಕಣಮ್ಮ ಇದು. ಇನ್ನೂ ಒಲೆಗೆ ಹಾಕಿಲ್ವಾ ನಿಮ್ಮಪ್ಪ? ಅಲ್ಲಿ ಹೊಸ ಕೆಂಪು ಹಲಗೆ ಎತ್ತಿಟ್ಟಿದೀನಿ, ಕನ್ನಡಿ ಥರ ಹೊಳೀತಿದೆ. ಕತ್ತು ಅಂದ್ರೆ ಅದು."

"ಗಾಡಿ ಹೋದ್ರೆ ಇಂಥ ಮರ ನಂಗೆ ಮತ್ತೆ ಸಿಗಲ್ಲ."

"ಅಕ್ಕಾ, ನೀನೇ ಹೇಳಿಬಿಡು."

ಗಂಡನ ತಲೆಯ ಹತ್ತಿರ ಕೂತಿದ್ದ ಅಕ್ಕ ಕಣ್ಣೊರೆಸಿಕೊಂಡಳು. "ಮರದ ವಿಷಯ ತಮ್ಮ ಹೇಳಿದ ಮೇಲೆ ಮುಗೀತು. ನಿಮ್ಮಪ್ಪಂಗೇ ಅವನು ಆರಿಸಿ ಕೊಟ್ಟಿದ್ದ."

*

ಆರಿಸಿ ಕೊಟ್ಟದ್ದು ನಿಜ. ಮನೆ ರಿಪೇರಿಯಾದ ವರ್ಷ ಬಾಗಿಲು ಮಾವ, ತಾನು ಕೆಲಸ ಕಲಿಯುವಾಗ ಮಾಡಿದ ಮೊದಲ ಚೌಕಟ್ಟನ್ನು ಕಿತ್ತು ಈ ಅಂಗಡಿಯ ಮುಂದೆ ಹಾಕಿದ್ದ. ಅದರ ಮೇಲೆ ಅವನೇ ಕೊರೆದ ಹಕ್ಕಿಯಿತ್ತು. ಉಳಿ ಜಾರಿ ಪಾಪ ಹಕ್ಕಿಗೆ ಮೂರು ಕಾಲು.

"ಸೌದೆ ಮಾಡ್ಕೋ ಭಾವ. ನನ್ನ ಗಿಟಾರಿನ ಕತ್ತಿಗೆ ಮಾತ್ರ ಈ ಕೆಂಪು ಹಲಗೆ."

ಭಾವ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡಿದ. "ಇದು ಬಗ್ಗೋದೆಲ್ಲ ಬಗ್ಗಿ ಮುಗಿಸಿದೆ ಕಣೋ. ಎಳೆ ನೋಡು, ದಾರ ಹಿಡಿದಂಗಿದೆ. ನಿನ್ನ ಕೆಂಪು ಸುಂದರಿ ಇನ್ನೂ ಹಸಿ. ತಂತಿ ಬಿಗಿದ ದಿನ ಸೊಟ್ಟ ಮೂತಿ ಮಾಡ್ತಾಳೆ."

"ಮರ ನಂಗೆ ಕಲಿಸ್ಬೇಡ."

"ಆಯ್ತು ಮಹಾರಾಯ."

ಕೆಂಪು ಬಣ್ಣ ಬಳಿದ ಕತ್ತಿನ ಗಿಟಾರು ಬಂತು. ಎಷ್ಟು ವರ್ಷವಾದರೂ ಕತ್ತು ಕೂದಲೆಳೆಯಷ್ಟೂ ಬಾಗಲಿಲ್ಲ. "ಆರಿಸಿದ್ದು ನಾನು" ಎಂದು ಬಾಗಿಲು ಮಾವ ಕೇಳಿದವರಿಗೂ ಕೇಳದವರಿಗೂ ಹೇಳಿದ. ಸಂಜೆಯಾದರೆ ಅಂಗಡಿಗೆ ಬಂದು ಭಾವನೇ ಮಾಡಿಟ್ಟ ಸ್ಟೂಲಿನ ಮೇಲೆ ಕೂರುತ್ತಿದ್ದ. ಅದರ ಒಂದು ಕಾಲು ನೆಲ ಮುಟ್ಟುತ್ತಿರಲಿಲ್ಲ.

"ಈ ಸ್ಟೂಲ್ ಯಾಕೆ ಭಾವ ಹಿಂಗೆ ಅಲ್ಲಾಡುತ್ತೆ?"

ಭಾವ ಗಂಟಲು ಸರಿಮಾಡಿಕೊಂಡು, ದಿನವೂ ಅದೇ ಉತ್ತರ ಕೊಡುತ್ತಿದ್ದ: "ಕೂತವರ ದೋಷ."

*

"ಮಾವ, ನಿಮ್ಮ ಗಿಟಾರ್ ಕೊಡಿ," ಎಂದಳು ಮಗಳು.

ಭಾವನಿಗೆ ಕೊನೆಯದಾಗಿ ಒಂದಿಷ್ಟು ನುಡಿಸೋಣವೆಂದು ಅವನು ಅದನ್ನು ತಂದಿದ್ದ. ಕೊಟ್ಟು, ದಣಿದು ಸ್ಟೂಲಿನ ಮೇಲೆ ಕೂತ. ಅವಳು ತಂತಿ ಸಡಿಲಿಸಿ ಬೋಲ್ಟು ಬಿಚ್ಚತೊಡಗಿದಳು.

"ಏಯ್! ಹೆಣದ ಮುಂದೆ ಇದೇನೇ ನಿನ್ನ ಕಸುಬು?"

ಕತ್ತು ಕಳಚಿ ಬಂತು. ಇಷ್ಟು ದಿನ ಗಿಟಾರಿನ ಒಡಲೊಳಗೆ ಅಡಗಿದ್ದ ತುದಿಗೆ ಬಣ್ಣವಿರಲಿಲ್ಲ. ಅಲ್ಲಿ ಮೂರು ಕಾಲಿನ ಹಕ್ಕಿ ಕೂತಿತ್ತು.

ಬಾಗಿಲು ಮಾವ ಹಕ್ಕಿಯ ಮೇಲೆ ಹೆಬ್ಬೆರಳಾಡಿಸಿದ.

"ನಾನು ಹೋದ್ಮೇಲೆ ಬಿಚ್ಚಿ ತೋರ್ಸು, ಅಲ್ಲೀವರ್ಗೂ ಮೆರೀಲಿ ಬಿಡು ಅಂದಿದ್ರು ಅಪ್ಪ."

"ಹಾಗಾದ್ರೆ... ಅವತ್ತಿನ ನನ್ನ ಕೆಂಪು ಹಲಗೆ?"

"ಒಂದೇ ಮಳೆಗಾಲಕ್ಕೆ ತಿರುಚಿಕೊಳ್ತಂತೆ." ಅವಳು ಅವನ ಕೆಳಗಿದ್ದ ಸ್ಟೂಲಿನ ಸೊಟ್ಟ ಕಾಲು ನೋಡಿದಳು. ಗಂಟಲು ಸರಿಮಾಡಿಕೊಂಡಳು. ಮಲಗಿದ್ದವನೇ ಎದ್ದು ನುಡಿದಂತೆ ಹೇಳಿದಳು: "ಕೂತವರ ದೋಷ."

ಅಕ್ಕ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಕುರ್ಚಿಗಳ ಸಾಲಿನಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ಆಮೇಲೆ ತಡೆಯಲಾಗಲಿಲ್ಲ. ಎಲ್ಲರ ನಗುವನ್ನೂ ಮುಚ್ಚಿಹಾಕಿ ಒಂದು ನಗು ಎದ್ದಿತು. ಏನಾಯಿತೆಂದು ಗಾಡಿಯವನು ಒಳಗೆ ಇಣುಕಿದ.

"ಇಳಿಸಯ್ಯಾ ಚೌಕಟ್ಟು!" ಬಾಗಿಲು ಮಾವ ಕಣ್ಣು ಮೂಗು ಎರಡೂ ಒರೆಸಿಕೊಳ್ಳುತ್ತ ಕೂಗಿದ. "ಆ ಕೆಂಪು ಹಲಗೆ ಹೊತ್ಕೊಂಡು ಹೋಗು!"

ಮತ್ತೆ ನಕ್ಕ. ಅವನು ನಕ್ಕಾಗಲೆಲ್ಲ ಕೆಳಗಿನ ಸ್ಟೂಲು ನೆಲಕ್ಕೆ ಟಕ್ ಟಕ್ ಎಂದು ತಾಳ ಹಾಕುತ್ತಿತ್ತು.